ಫೋನ್ ಕಸಿಯಲ್ಲ ಅಂತ ಮೊದಲು ಮಾತು ಕೊಡಿ

ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಹೆಣ್ಣುಮಕ್ಕಳ ಹತ್ತಿರ ಫೋನಿನ ವಿಷಯ ಮಾತಾಡುವ ಕೆಲಸವನ್ನೂ ನಾನಾಗೇ ಹಚ್ಚಿಕೊಂಡಿದ್ದೇನೆ. ಹುಡುಗಿಯರು ಆನ್‌ಲೈನ್‌ನಲ್ಲಿ ಸಿಕ್ಕಿಬೀಳುವುದು ಒಂದು ಅಪಾಯ. ಅದನ್ನು ಮನೆಯಲ್ಲಿ ಹೇಳಲಾಗದೆ ಒಬ್ಬರೇ ಒದ್ದಾಡುವುದು ಅದಕ್ಕಿಂತ ದೊಡ್ಡದು.

ತರಗತಿಯಲ್ಲಿ ಮೊದಲು ಫೋಟೊ ಓದಿಸುತ್ತೇನೆ. ನನ್ನದೇ ಒಂದು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ. ಮನೆ ಮುಂದೆ ಸ್ಕೂಟಿ ಹತ್ತಿರ ನಿಂತಿದ್ದೇನೆ, ಅಷ್ಟೇ. "ಇದರಾಗ ನನ್ನ ಬಗ್ಗೆ ಏನೇನು ಗೊತ್ತಾಗ್ತದ, ಹೇಳ್ರಿ" ಅನ್ನುತ್ತೇನೆ. ಕೆಎ-26 ನಂಬರ್, ಅಂದರೆ ಗದಗ ಅನ್ನುತ್ತಾಳೆ ಒಬ್ಬಳು. ಹಿಂದಿನ ಕಿರಾಣಿ ಅಂಗಡಿ ಬೋರ್ಡಿನಲ್ಲಿ ಓಣಿ ಹೆಸರಿದೆ. ಕೊರಳಿನ ಐಡಿ ಕಾರ್ಡಿನಲ್ಲಿ ಶಾಲೆ ಹೆಸರಿದೆ. ನೆರಳು ನೋಡಿ ಇನ್ನೊಬ್ಬಳು, "ಮುಂಜಾನೆ ಸಾಲಿಗೆ ಹೊಂಟಾಗ ತಗದದ್ದರಿ" ಅನ್ನುತ್ತಾಳೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಮಾಡಿದ ತಮ್ಮ ರೀಲ್ಸ್ ನೆನಪಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮತ್ತೆ ನಾನು ಭಾಷಣ ಮಾಡುವುದು ಬೇಕಾಗುವುದಿಲ್ಲ.

ನಮ್ಮ ಕಡೆ ಬಹಳ ಹುಡುಗಿಯರಿಗೆ ಸ್ವಂತ ಫೋನ್ ಇಲ್ಲ. ಅಪ್ಪನದೋ ಅಣ್ಣನದೋ ಫೋನಿನಲ್ಲಿ ಗುಟ್ಟಾಗಿ ಇನ್‌ಸ್ಟಾಗ್ರಾಂ ಖಾತೆ ತೆರೆದಿರುತ್ತಾರೆ. ಹುಟ್ಟಿದ ವರ್ಷ ಸುಮ್ನೆ 2000 ಅಂತ ಹಾಕಿರುತ್ತಾರೆ. ನಿಜವಾದ ವಯಸ್ಸು ಹಾಕಿದರೆ 18ರ ಒಳಗಿನವರ ಖಾತೆ ತಾನಾಗೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. 16ರ ಒಳಗಿದ್ದರೆ ಅದನ್ನು ಸಡಿಲ ಮಾಡಲು ತಂದೆ-ತಾಯಿ ಒಪ್ಪಿಗೆ ಬೇಕು. ಸುಳ್ಳು ವರ್ಷ ಹಾಕಿದ ಹುಡುಗಿಗೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ. ಅದಕ್ಕೇ ಮೊದಲು ವರ್ಷ ಸರಿ ಮಾಡಿಸುತ್ತೇನೆ.

ಒಬ್ಬ ಹುಡುಗಿಯ ವಿಷಯ, ಗುರುತು ಸಿಗದಷ್ಟು ಮಾತ್ರ ಹೇಳುತ್ತೇನೆ. ಬೇರೆ ಊರಿನ ಕಾಲೇಜು ಹುಡುಗಿ ಅಂತ ಒಂದು ಖಾತೆ ಪರಿಚಯವಾಯಿತು. ಮೆಹಂದಿ ಡಿಸೈನ್‌ನಿಂದ ಶುರುವಾದ ಮಾತು ವಾಟ್ಸ್‌ಆ್ಯಪ್‌ಗೆ ಹೋಯಿತು. ಮೈ ಕಾಣುವಂಥ ಫೋಟೊ ಕೇಳಿದರು, ಇವಳು ಕಳಿಸಿದಳು. ಆಮೇಲೆ ಬೆದರಿಕೆ: ಇನ್ನೊಂದು ಕಳಿಸು, ಇಲ್ಲಾಂದ್ರೆ ನಿಮ್ಮಣ್ಣನಿಗೆ ಕಳಿಸ್ತೀನಿ. ನನ್ನ ಹತ್ತಿರ ಬಂದಾಗ ಅವಳು ಹೇಳಿದ ಮೊದಲ ಮಾತು, "ಮನ್ಯಾಗ ಗೊತ್ತಾದ್ರ ಸಾಲಿ ಬಿಡಸ್ತಾರ್ರಿ ಟೀಚರ್." ಬೆದರಿಸುವವನಿಗಿಂತ ಅವಳಿಗೆ ಇದರ ಭಯವೇ ಜಾಸ್ತಿ ಇತ್ತು. ಅವನು ನಂಬಿಕೊಂಡಿದ್ದೂ ಅದನ್ನೇ.

ಚಾಟ್ ಅಳಿಸಬೇಡ ಅಂದೆ. ಇನ್ನೊಂದು ಫೋಟೊ ಇಲ್ಲ, ದುಡ್ಡಿಲ್ಲ, ಉತ್ತರವೂ ಇಲ್ಲ. ಖಾತೆಯ ಹೆಸರು, ಲಿಂಕ್, ಫೋನ್ ನಂಬರ್, ಬೆದರಿಕೆ ಬಂದ ತಾರೀಖು ಎಲ್ಲ ಬರೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿಸಿದೆ. ಆ ಫೋಟೊವನ್ನು ನಾನು ನೋಡಲಿಲ್ಲ, ನನ್ನ ಫೋನಿಗೆ ಹಾಕಿಸಿಕೊಳ್ಳಲೂ ಇಲ್ಲ. ಮಕ್ಕಳ ಅಂಥ ಚಿತ್ರವನ್ನು ಹಂಚುವುದು ಅಪರಾಧ, ಸಾಕ್ಷಿಗೆ ಅಂತ ಟೀಚರ್‌ಗಳೂ ಫಾರ್ವರ್ಡ್ ಮಾಡಿಕೊಳ್ಳಬಾರದು. 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಅದರಲ್ಲಿ ಫೋಟೊ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಯಾರಾದರೂ ಆ ಚಿತ್ರ ಹಾಕಿದರೆ ಹಿಡಿದು ತೆಗೆಯಲು ಅದು ಸಾಕು. ವಾಟ್ಸ್‌ಆ್ಯಪ್ ಚಾಟ್‌ನೊಳಗೆ ಮಾತ್ರ ಇದು ನಡೆಯುವುದಿಲ್ಲ.

ಅವಳ ತಾಯಿಯನ್ನು ಕರೆಸಿ, ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ನಾನೇ ಹೇಳಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನನಗೆ ಕಡ್ಡಾಯ, ಅದನ್ನು ಮುಚ್ಚಿಡಲಿಲ್ಲ. ತಾಯಿ, "ಸ್ಟೇಷನ್ ಮೆಟ್ಟಲ ಹತ್ತಿಸಬ್ಯಾಡ್ರಿ ನಮ್ಮ ಹುಡುಗೀನ" ಅಂತ ಕೈ ಹಿಡಿದರು. ಅದೇ ಕಾಯ್ದೆಯಲ್ಲಿ ಏನಿದೆ ಅಂತ ಬಿಡಿಸಿ ಹೇಳಿದೆ. ಹೇಳಿಕೆಯನ್ನು ಮನೆಯಲ್ಲೇ ಅಥವಾ ಹುಡುಗಿ ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಪೇಪರಿನಲ್ಲಿ ಹೆಸರು ಬರುವಂತಿಲ್ಲ. ಇಷ್ಟು ಕೇಳಿದ ಮೇಲೆ ಒಪ್ಪಿದರು. ಹುಡುಗಿ ಶಾಲೆ ಬಿಡಲಿಲ್ಲ.

ಅಲ್ಲಿಂದ ಪೋಷಕರ ಸಭೆಯಲ್ಲಿ ಒಂದು ಮಾತು ತೆಗೆದುಕೊಳ್ಳುತ್ತೇನೆ. ಮಗಳು ಏನೇ ಹೇಳಿಕೊಂಡು ಬಂದರೂ ಫೋನ್ ಕಸಿಯಲ್ಲ, ಶಾಲೆ ಬಿಡಿಸಲ್ಲ ಅಂತ ಮಕ್ಕಳ ಎದುರಿಗೇ ಹೇಳಬೇಕು. ಕೆಲವು ತಂದೆಯಂದಿರು ಎದ್ದು ಹೋಗುತ್ತಾರೆ. ಅವರ ಮನೆಗೆ ನಾನೇ ಹೋಗುತ್ತೇನೆ. ಮನೆಯಲ್ಲಿ ಹೇಳಲು ಆಗದವರಿಗೆ ಮಕ್ಕಳ ಸಹಾಯವಾಣಿ 1098, ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930 ಅಂತ ನೋಟ್‌ಬುಕ್ಕಿನಲ್ಲಿ ಬರೆಸಿದ್ದೇನೆ. ಈ ವರ್ಷ ಸಭೆಗೆ ಅಣ್ಣಂದಿರನ್ನೂ ಕರೆದಿದ್ದೇನೆ. ಬಹಳ ಮನೆಗಳಲ್ಲಿ ಫೋನ್ ಇರುವುದು ಅವರ ಕೈಯಲ್ಲೇ, ಅಲ್ವಾ?