ಮೀನು ಬೆಳೆಯುತ್ತಿಲ್ಲವೇ? ಮೊದಲು ತೂಗಿ ನೋಡಿ

"ಎಷ್ಟು ಹಾಕಿದ್ರೂ ದೊಡ್ಡದೇ ಆಗುದಿಲ್ಲ ಮಾರಾಯ್ರೆ. ಹಾರ್ಮೋನ್ ಏನಾದ್ರೂ ಕೊಡುವನಾ?" ಬ್ರಹ್ಮಾವರದ ಹತ್ತಿರ ಹಳೆಯ ಮುರಕಲ್ಲಿನ ಕೋರೆಯಲ್ಲಿ ಕಾಟ್ಲಾ, ರೋಹು ಬಿಟ್ಟಿರುವ ಗೆಳೆಯರೊಬ್ಬರು ಕೇಳಿದರು. ಈಗ ಒಂದು ಮೀನು ಎಷ್ಟು ಗ್ರಾಂ ಇದೆ ಎಂದು ಕೇಳಿದೆ. ತೂಗಿಯೇ ಇರಲಿಲ್ಲ. ಮರಿ ಬಿಟ್ಟ ವಾರ ಹಾಕಿದಷ್ಟೇ ಆಹಾರವನ್ನು ನಾಲ್ಕು ತಿಂಗಳಾದರೂ ಹಾಕುತ್ತಿದ್ದರು. ನಮ್ಮ ಕಡೆ ನಾನು ನೋಡಿದ ಹೆಚ್ಚಿನ ಕೊಳಗಳಲ್ಲಿ ಇದೇ ಕತೆ.

ಹಾರ್ಮೋನ್ ಮಾತು ಮೊದಲು ಮುಗಿಸಿಬಿಡೋಣ. ಮೀನಿನ ಮೆದುಳಿನ ಕೆಳಗೆ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ ಇದೆ. ಬೆಳವಣಿಗೆ ಹಾರ್ಮೋನ್ ಅಲ್ಲಿಂದ ಬರುತ್ತದೆ. ಅದು ಯಕೃತ್ತಿಗೆ ಹೋಗಿ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಮಾಂಸ ಕಟ್ಟುವ ಕೆಲಸದಲ್ಲಿ ಈ ಎರಡನೆಯದರ ಪಾಲು ದೊಡ್ಡದು. ಸಂಶೋಧಕರು ಹಲವು ಜಾತಿಯ ಮೀನುಗಳನ್ನು ಉಪವಾಸ ಇಟ್ಟು ನೋಡಿದ್ದಾರೆ. ಹಸಿದ ಮೀನಿನ ರಕ್ತದಲ್ಲಿ ಬೆಳವಣಿಗೆ ಹಾರ್ಮೋನ್ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಆದರೆ ಯಕೃತ್ತು ಅದರ ಮಾತು ಕೇಳುವುದಿಲ್ಲ, ಐಜಿಎಫ್-1 ಇಳಿಯುತ್ತದೆ. ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಹಾರ್ಮೋನ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ 'ಗ್ರೋತ್ ಬೂಸ್ಟರ್' ಎಂದು ಬರೆದು, ಒಳಗೇನಿದೆ ಎಂದು ಬರೆಯದ ಪುಡಿ ಡಬ್ಬಿಗಳನ್ನು ಕೊಳ್ಳಲೇಬೇಡಿ. ಆ ದುಡ್ಡಿಗೆ ಒಂದು ಒಳ್ಳೆಯ ತಕ್ಕಡಿ ಬರುತ್ತದೆ.

'ಇಂಜೆಕ್ಷನ್ ಮೀನು' ಎಂಬ ಹೆದರಿಕೆಯೂ ಇದೆಯಲ್ವಾ? ಆ ಇಂಜೆಕ್ಷನ್ ಕೊಡುವುದು ಮೊಟ್ಟೆ ಇಡಿಸಲು, ಅದೂ ತಾಯಿ ತಂದೆ ಮೀನುಗಳಿಗೆ ಮಾತ್ರ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಪಿಟ್ಯುಟರಿ ಸಾರ ಚುಚ್ಚಿ ಗೆಂಡೆ ಮೀನುಗಳಿಂದ (ಕಾಟ್ಲಾ, ರೋಹುವಿನ ಬಳಗ) ಮೊಟ್ಟೆ ಇಡಿಸಿದರು. ಜುಲೈ 10 ಮೀನುಕೃಷಿಕರ ದಿನವಾದದ್ದು ಅದರ ನೆನಪಿಗೆ. ನಿಮ್ಮ ಕೊಳಕ್ಕೆ ಬರುವ ಮರಿಗೆ ಆ ಸೂಜಿ ತಾಗಿರುವುದೇ ಇಲ್ಲ.

ಈಗ ಕೆಲಸಕ್ಕೆ ಬರೋಣ.

ನೀರು. ಮುರಕಲ್ಲಿನ ಹೊಂಡದ ನೀರು ಹೆಚ್ಚಾಗಿ ಹುಳಿ. ಪಿಎಚ್ ನೋಡಿ (ಅದು ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ), ಕಡಿಮೆ ಇದ್ದರೆ ಸುಣ್ಣ ಹಾಕಿ. ಇಷ್ಟೇ.

ಆಹಾರ. ಗೆಂಡೆ ಮೀನಿಗೆ 25ರಿಂದ 30 ಶೇಕಡ ಪ್ರೋಟೀನ್ ಬೇಕು. ತೌಡು ಮತ್ತು ನೆಲಗಡಲೆ ಹಿಂಡಿ ಸಮಸಮ ಬೆರೆಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ನಾನು ಹತ್ತು ಕಿಲೋಗೆ ಒಂದು ಕಿಲೋ ಮೀನುಪುಡಿ ಸೇರಿಸಿಯೇ ಸೇರಿಸುತ್ತೇನೆ. ಆದರೆ ಮೀನುಪುಡಿಯಲ್ಲಿ ಮರಳು ಬೆರೆಸುವವರಿದ್ದಾರೆ. ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ತಳದಲ್ಲಿ ಬೇಗ ಕೂತದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಗರಗರ ಅಂದರೆ ವಾಪಸ್ ಕೊಡಿ. ಹಿಂಡಿಯ ಚೀಲವನ್ನು ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಇಡಬೇಡಿ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯಲು ಜಾಸ್ತಿ ದಿನ ಬೇಡ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಮೊದಲು ಕೆಡಿಸುವುದೇ ಯಕೃತ್ತನ್ನು. ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕಿದರೂ ವಿಷ ಪೂರ್ತಿ ಹೋಗುವುದಿಲ್ಲ. ಎಸೆಯಿರಿ.

ತೂಗುವುದು. ಎಲ್ಲರೂ ಎಡವುವುದು ಇಲ್ಲೇ. ತಿಂಗಳಿಗೊಮ್ಮೆ ತೂಗಲೇಬೇಕು.

ಅವತ್ತು ಬೆಳಿಗ್ಗೆ ಆಹಾರ ಹಾಕಬೇಡಿ. ಹೊಟ್ಟೆಯಲ್ಲಿರುವ ತೌಡಿನ ತೂಕ ನಮಗೆ ಬೇಡ. ಬೆಳಕು ಹರಿಯುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಆಗ ಬಲೆ ಹಾಕಿದರೆ ಮೀನು ಸೋತುಹೋಗುತ್ತದೆ. ಬಿಸಿಲು ಸ್ವಲ್ಪ ಬಿದ್ದ ಮೇಲೆ, ಏರುವ ಮೊದಲು ಶುರು ಮಾಡಿ.

ಆಹಾರ ಹಾಕುವ ಮೂಲೆಯಲ್ಲಿ ಮಾತ್ರ ಬೀಸುಬಲೆ ಬೀಸಬೇಡಿ. ಅಲ್ಲಿ ಕಾದು ನಿಲ್ಲುವುದು ಜೋರಿನ, ದೊಡ್ಡ ಮೀನುಗಳು. ನಾಲ್ಕು ಕಡೆ ಬೀಸಿ. ಬಲೆಯ ಕಣ್ಣು ದೊಡ್ಡದಿದ್ದರೂ ಇದೇ ಮೋಸ: ಸಣ್ಣವು ತಪ್ಪಿಸಿಕೊಳ್ಳುತ್ತವೆ, ಸರಾಸರಿ ಸುಳ್ಳು ಹೇಳುತ್ತದೆ.

ಮೀನನ್ನು ಒಣ ತಕ್ಕಡಿಯ ಮೇಲೆ ಹಾಕಬೇಡಿ. ಅರ್ಧ ಬಕೆಟ್ ನೀರನ್ನು ತಕ್ಕಡಿಯ ಮೇಲಿಡಿ. 8 ಕಿಲೋ 200 ಗ್ರಾಂ ಬಂತು ಅನ್ನಿ, ಬರೆದುಕೊಳ್ಳಿ. ಕೈಬಲೆಯಲ್ಲಿ ಮೀನು ಎತ್ತಿ, ನೀರು ಸೋರಲು ಮೂರು ಎಣಿಸುವಷ್ಟು ಹೊತ್ತು ಬಿಟ್ಟು, ಬಕೆಟ್ಟಿಗೆ ಇಳಿಸಿ. ಹತ್ತು ರೋಹು ಹಾಕಿದ ಮೇಲೆ 9 ಕಿಲೋ 400 ಗ್ರಾಂ ಬಂದರೆ, ಒಂದಕ್ಕೆ 120 ಗ್ರಾಂ. ಹೀಗೆ ಐದು ಸಲ. ಮುಟ್ಟಲೇಬೇಕಾದರೆ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ, ರೋಗ ಒಳಹೋಗಲು ಅಷ್ಟು ಸಾಕು.

ಕಾಟ್ಲಾವನ್ನೂ ರೋಹುವನ್ನೂ ಒಟ್ಟಿಗೆ ತೂಗಬೇಡಿ. ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಮೃಗಾಲ್ ತಳದ್ದು. ಒಂದು ಹೊಟ್ಟೆ ತುಂಬಿಸಿಕೊಂಡು ಇನ್ನೊಂದು ಸೊರಗಿದ್ದರೆ ಬೆರಕೆ ಸರಾಸರಿಯಲ್ಲಿ ಗೊತ್ತೇ ಆಗುವುದಿಲ್ಲ.

ಹಾಗೆಯೇ ಒಂದು ಮೀನನ್ನು ನೀರಲ್ಲೇ ಹಿಡಿದು ಮೇಲಿಂದ ನೋಡಿ. ತಲೆ ದೊಡ್ಡದು, ಬೆನ್ನು ಕತ್ತಿಯ ಹಾಗೆ ಸಪೂರ ಇದ್ದರೆ ಅದು ಹಸಿದ ಮೀನು. ಬೆನ್ನು ದುಂಡಗಿದ್ದರೆ ಸರಿ ಇದೆ.

ಎಲ್ಲ ಬೇಗ ಮುಗಿಸಿ. ಗಾಬರಿಯಾದ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಅದು ಏರಿದರೆ ಹಸಿವೂ ಕಡಿಮೆ, ಬೆಳವಣಿಗೆಯೂ ಕಡಿಮೆ. ಫೋಟೋಕ್ಕಾಗಿ ಮೀನನ್ನು ಎತ್ತಿ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೂಗಿದ ಮರುದಿನ ಅರ್ಧ ಆಹಾರ ಸಾಕು.

ಲೆಕ್ಕ. ಕೊಳದಲ್ಲಿ 850 ಮೀನು ಇವೆ ಅನ್ನಿ, ತಲಾ 120 ಗ್ರಾಂ ಅಂದರೆ 102 ಕಿಲೋ. ಈ ಗಾತ್ರಕ್ಕೆ ದಿನಕ್ಕೆ ಮೈತೂಕದ 3 ಶೇಕಡ, ಸುಮಾರು 3 ಕಿಲೋ, ಎರಡು ಹೊತ್ತು. ಮರಿಗಳಿಗೆ ಶೇಕಡ ಜಾಸ್ತಿ, ಅರ್ಧ ಕಿಲೋ ದಾಟಿದ ಮೇಲೆ 2 ಅಥವಾ ಅದಕ್ಕೂ ಕಡಿಮೆ. ತಿಂಗಳಲ್ಲಿ 90 ಕಿಲೋ ಆಹಾರ ಹೋಯಿತು, ಮೀನು 165 ಗ್ರಾಂ ಆಯಿತು ಅನ್ನಿ. ಒಟ್ಟು 140 ಕಿಲೋ, ಏರಿದ್ದು 38. 90ನ್ನು 38ರಿಂದ ಭಾಗಿಸಿದರೆ 2.4. ಒಂದು ಕಿಲೋ ಮೀನಿಗೆ 2.4 ಕಿಲೋ ಆಹಾರ. ಮನೆಯಲ್ಲಿ ಬೆರೆಸಿದ್ದಕ್ಕೆ ಇದು ಪರವಾಗಿಲ್ಲ. 4 ದಾಟಿದರೆ ಆಹಾರ ಕೆಸರಿಗೆ ಹೋಗುತ್ತಿದೆ ಅಥವಾ ಮೀನು ಸತ್ತು ಲೆಕ್ಕ ತಪ್ಪಿದೆ.

ಹಾಕುವುದು. ಸುಮ್ನೆ ಎರಚಬೇಡಿ. ಉಂಡೆ ಮಾಡಿ ತಟ್ಟೆಯಲ್ಲಿಟ್ಟು ಮೂರು ನಾಲ್ಕು ಕಡೆ ಇಳಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ನಾಳೆ ಕಡಿಮೆ ಮಾಡಿ. ಆಟಿ ತಿಂಗಳ ಜೋರು ಮಳೆಯಲ್ಲಿ ಮೂರು ದಿನ ಸೂರ್ಯನ ಮುಖವೇ ಕಾಣದಿದ್ದಾಗ ಅರ್ಧಕ್ಕಿಳಿಸಿ. ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವತ್ತು ಆಹಾರ ಪೂರ್ತಿ ಬೇಡ.

ಮೂರು ತಿಂಗಳ ತೂಕದ ಪಟ್ಟಿ ಕೈಯಲ್ಲಿದ್ದೂ ಮೀನಿನ ತೂಕ ಏರದಿದ್ದರೆ ಆ ಪಟ್ಟಿ ಹಿಡಿದುಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಹೋಗಿ. 1969ರಲ್ಲಿ ಶುರುವಾದ ಈ ಕಾಲೇಜು ದೇಶದ ಮೊದಲ ಮೀನುಗಾರಿಕೆ ಕಾಲೇಜು, ನಮ್ಮ ಊರಲ್ಲೇ ಇದೆ. ಪಟ್ಟಿಯ ಜೊತೆ ಒಂದು ಬಾಟಲಿ ಕೊಳದ ನೀರು, ಒಂದು ಹಿಡಿ ಆಹಾರವನ್ನೂ ತೆಗೆದುಕೊಂಡು ಹೋಗಿ.