ಎಣ್ಣೆಯಲ್ಲಿ ಸಿಡಿಯುತ್ತಿದ್ದ ಜಿಯನ್‌ದುಯಿ ಸರಿಹೋದದ್ದು ಹೀಗೆ

ಗುವಾಂಗ್‌ಝೌಗೆ ಬಂದ ಮೊದಲ ವರ್ಷವೇ ಜಿಯನ್‌ದುಯಿ ಹುಚ್ಚು ಹಿಡಿಯಿತು. ಅಂಟಕ್ಕಿ ಹಿಟ್ಟಿನ ಸಿಹಿ ಉಂಡೆ, ಮೈತುಂಬ ಎಳ್ಳು, ಒಳಗೆ ಟೊಳ್ಳು. ಚೀನೀ ಹೊಸವರ್ಷಕ್ಕೆ ಇಲ್ಲಿ ಇದು ಬೇಕೇ ಬೇಕು. ಉಂಡೆ ಉರುಳಿದರೆ ಮನೆತುಂಬ ಚಿನ್ನ, ಬೆಳ್ಳಿ ಅನ್ನುವ ಮಾತೇ ಇದೆ.

ಮನೆಯಲ್ಲಿ ಮಾಡಿದರೆ ಮಾತ್ರ ಪಟ್ ಅಂತ ಸಿಡಿಯುತ್ತಿತ್ತು. ಒಮ್ಮೆ ಮುಂಗೈ ಸುಟ್ಟಿತು.

ತಪ್ಪು ಹಿಟ್ಟಿನಲ್ಲೇ ಇತ್ತು. ತಣ್ಣೀರಲ್ಲಿ ಕಲಸಿದ ಹಿಟ್ಟಿಗೆ ಹಿಗ್ಗುವ ಗುಣ ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಉಳಿಯುತ್ತದೆ. ಹೊರಗೆ ಗಟ್ಟಿಯಾದ ಮೇಲೆ ಒಳಗಿನ ಹಬೆ ಅಲ್ಲೇ ಒಡೆದು ಹೊರಬರುತ್ತದೆ. ಪಕ್ಕದ ಮನೆ ಅಜ್ಜಿ ತೋರಿಸಿಕೊಟ್ಟರು: ನಿಂಬೆಹಣ್ಣಿನಷ್ಟು ಹಿಟ್ಟನ್ನು ಚಪ್ಪಟೆ ಮಾಡಿ ಕುದಿನೀರಿಗೆ ಹಾಕಬೇಕು. ತೇಲಿದಾಗ ತೆಗೆದು, ಬಿಸಿಯಿರುವಾಗಲೇ ಉಳಿದ ಹಿಟ್ಟಿಗೆ ಸೇರಿಸಿ ನಾದಬೇಕು. ಕೈಗೆ ಅಂಟುತ್ತದೆ, ಬಿಡಬಾರದು. ಕೊನೆಗೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಯಿತು.

ಎಣ್ಣೆಯನ್ನೂ ಜಾಸ್ತಿ ಕಾಯಿಸುತ್ತಿದ್ದೆ. ಈಗ ಸುಮಾರು 130 ಡಿಗ್ರಿಗೇ ಹಾಕುತ್ತೇನೆ. ಉಂಡೆ ತೇಲಿದ ಮೇಲೆ ಸೌಟಿನ ಬೆನ್ನಿಂದ ಬಾಣಲೆಗೆ ಮೆಲ್ಲಗೆ ಒತ್ತಿ ಬಿಡಬೇಕು. ಒತ್ತಿದಷ್ಟೂ ಉಬ್ಬುತ್ತದೆ, ನೋಡೋಕೇ ಖುಷಿ! ಕೊನೆಯಲ್ಲಿ ಉರಿ ಏರಿಸಿದರೆ ಸಿಪ್ಪೆ ಗರಿಗರಿ.

ಎಳ್ಳು ಉದುರುತ್ತಿದ್ದರೆ ಉಂಡೆಯನ್ನು ನೀರಲ್ಲಿ ಅದ್ದಿ, ಹೊರಳಿಸಿ, ಅಂಗೈಯಲ್ಲಿ ಒತ್ತಿ. ನಿನ್ನೆ ಹನ್ನೆರಡು ಕರಿದೆ. ಒಂದೂ ಸಿಡಿಯಲಿಲ್ಲ.