ಪ್ಲೇಟಿನಿಂದ ಹಿಂದಕ್ಕೆ ಬಂದೆ, ಸಾಫ್ಟ್‌ವೇರ್ ಸಿಕ್ಕಿತು

ಗದಗ-ಬೆಟಗೇರಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮೂರು ಸಿಸ್ಟಮ್, ಇಬ್ಬರು ಆಪರೇಟರ್. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಬಿಲ್ ಬುಕ್, ಸ್ಮರಣ ಸಂಚಿಕೆ ಮಾಡುತ್ತೇವೆ. ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಟ್ಟರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ ಎಂದು ನಮ್ಮ ಓಣಿಯಲ್ಲಿ ಎಲ್ಲರೂ ಹೇಳಿದ್ದರು. ಅದಿಲ್ಲದೆ ಎರಡು ಲಗ್ನದ ಸೀಸನ್ ಮುಗಿಸಿದ್ದೇನೆ. ಲೈಸೆನ್ಸಿಗೆ ಒಂದು ರೂಪಾಯಿ ಕೊಟ್ಟಿಲ್ಲ, ಕಳ್ಳ ಕಾಪಿಯೂ ಇಲ್ಲ.

ಡಿಟಿಪಿ ಮಾಡುವವರಿಗೆಲ್ಲ ಗೊತ್ತಿರುವ ಕಷ್ಟವೇ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಆಮೇಲೆ ಹೊಸದು ಬರಲಿಲ್ಲ. ಈಗ ಮೊಬೈಲ್, ಕಂಪ್ಯೂಟರ್ ಎಲ್ಲದರಲ್ಲೂ ಕನ್ನಡ ಬರುವುದು ಯುನಿಕೋಡ್ ಎಂಬ ಸಂಕೇತದಲ್ಲಿ. ಪೇಜ್‌ಮೇಕರ್‌ಗೆ ಅದು ತಿಳಿಯುವುದಿಲ್ಲ. ಗಿರಾಕಿ ಈಗ ಮ್ಯಾಟರ್ ಕಳಿಸುವುದು ವಾಟ್ಸ್ಯಾಪ್‌ನಲ್ಲಿ. ಅದನ್ನು ಹಳೆ ನುಡಿ ಫಾಂಟಿಗೆ ಬದಲಿಸಬೇಕು, ಮತ್ತೆ ಪ್ರೂಫ್ ಓದಬೇಕು. ದಿನಕ್ಕೆ ಎರಡು ತಾಸು ಇದಕ್ಕೇ ಹೋಗುತ್ತಿತ್ತು. ಸಾಲದ್ದಕ್ಕೆ 2021ರ ಮಳೆಗಾಲದಲ್ಲಿ ಲೈಸೆನ್ಸ್ ಇಲ್ಲದೆ ಓಡಿಸುವ ಒಂದು ಕ್ರ್ಯಾಕ್ ಫೈಲ್ ಜೊತೆ ವೈರಸ್ ಬಂದು ಫೈಲ್‌ಗಳೆಲ್ಲ ಲಾಕ್ ಆದವು. ಹದಿನೈದು ದಿನದ ಕೆಲಸ ಮಣ್ಣಾಯಿತು. ಲೈಸೆನ್ಸ್ ಇರುವ ಹೊಸ ಸಾಫ್ಟ್‌ವೇರ್ ದುಡ್ಡು ಕೊಟ್ಟೇ ತರೋಣ ಎಂದು ವಿಚಾರಿಸಿದೆ. ಮೂರು ಸಿಸ್ಟಮ್‌ಗೆ ವರ್ಷಕ್ಕೆ ಅರವತ್ತು ಸಾವಿರದ ಮೇಲೆ ಹೇಳಿದರು. ಪ್ರತಿ ವರ್ಷ ಅಷ್ಟು ನಮ್ಮ ಅಂಗಡಿಗೆ ಆಗುವ ಮಾತಲ್ಲ.

ಮೊದಲು ಪುಕ್ಕಟೆ ಸಿಗುವ ವರ್ಡ್ ಪ್ರೊಸೆಸರ್ ಲಿಬ್ರೆಆಫೀಸ್ ರೈಟರ್ ಹಿಡಿದೆ. ಕನ್ನಡ ಚೆನ್ನಾಗಿ ಬರುತ್ತದೆ, ಇನ್ನೇನು ಬೇಕು ಎಂದುಕೊಂಡೆ. ಒಂದು ಶಾಲೆಯ ಸ್ಮರಣ ಸಂಚಿಕೆ ಬಂದಿತ್ತು, 96 ಪುಟ. ಪ್ರೂಫ್ ಮುಗಿದ ಮೇಲೆ 11ನೇ ಪುಟಕ್ಕೆ ಇನ್ನೊಬ್ಬರ ಸಂದೇಶ ಸೇರಿಸಿ ಎಂದರು. ಸೇರಿಸಿದೆ. ಅಲ್ಲಿಂದ ಕೊನೆಯ ಪುಟದವರೆಗೆ ಫೋಟೊಗಳೆಲ್ಲ ಜಾರಿದವು. ಎರಡು ರಾತ್ರಿ ಕೂತು ಸರಿಮಾಡಿದೆ. ವರ್ಡ್ ಪ್ರೊಸೆಸರ್‌ನಲ್ಲಿ ಮ್ಯಾಟರ್ ನೀರಿನ ಹಾಗೆ ಹರಿಯುತ್ತದೆ. ಪತ್ರಕ್ಕೆ, ಅರ್ಜಿಗೆ ಅದು ಒಳ್ಳೆಯದು. ಫೋಟೊ ಇಟ್ಟ ಜಾಗದಲ್ಲೇ ನಿಲ್ಲಬೇಕೆಂದರೆ ಅದು ಬೇರೆ ಜಾತಿಯ ಸಾಫ್ಟ್‌ವೇರ್.

ಎರಡನೇ ಪೆಟ್ಟು ಇದಕ್ಕಿಂತ ಜಾಸ್ತಿ ಬಿತ್ತು. ಲಗ್ನಪತ್ರಿಕೆಯನ್ನು ಚಿತ್ರ ಬರೆಯುವ ಪುಕ್ಕಟೆ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಮಾಡಿದೆ. ಗಣಪತಿ, ಬಳ್ಳಿ, ಅಂಚು ಬಹಳ ಚಂದ ಬಂದಿದ್ದವು. ಪಿಡಿಎಫ್ ಪ್ಲೇಟ್ ಮಾಡಿಸಲು ಹುಬ್ಬಳ್ಳಿಗೆ ಹೋಯಿತು. ಪ್ಲೇಟ್ ಅಂದರೆ ಪ್ರೆಸ್‌ನಲ್ಲಿ ಒಂದೊಂದು ಬಣ್ಣ ಒತ್ತುವ ತಗಡು. ಇಂಕ್‌ಸ್ಕೇಪ್ ಕೊಟ್ಟಿದ್ದು ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಬಣ್ಣ. ಪ್ರೆಸ್‌ಗೆ ಬೇಕಾದದ್ದು ಸಿಎಂವೈಕೆ, ಅಂದರೆ ನಾಲ್ಕು ಶಾಯಿಯ ಬಣ್ಣ. ಅಲ್ಲಿ ಬದಲಾಗುವಾಗ ಕಪ್ಪು ಅಕ್ಷರ ನಾಲ್ಕೂ ಪ್ಲೇಟಿನ ಮೇಲೆ ಬಿದ್ದಿತ್ತು. ರಿಜಿಸ್ಟರ್, ಅಂದರೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದು, ಕೂದಲೆಳೆಯಷ್ಟು ತಪ್ಪಿದ್ದಕ್ಕೆ ಸಣ್ಣ ಒತ್ತಕ್ಷರಗಳ ಸುತ್ತ ಕೆಂಪು-ನೀಲಿ ನೆರಳು. ವಧುವಿನ ಅಜ್ಜನ ಹೆಸರು ಓದೋಕೇ ಬರುತ್ತಿರಲಿಲ್ಲ. ಐನೂರು ಕಾರ್ಡ್ ರದ್ದಿಗೆ ಹಾಕಿದೆ. ಪ್ಲೇಟು, ಕಾರ್ಡು, ಮಜೂರಿ ಸೇರಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಕೈಯಿಂದ ಹೋಯಿತು. ತಪ್ಪು ಪ್ರೆಸ್‌ನವರದ್ದಲ್ಲ, ನನ್ನದೇ.

ಅವತ್ತಿನಿಂದ ಲೆಕ್ಕ ತಿರುಗಿಸಿದೆ. ಯಾವ ಸಾಫ್ಟ್‌ವೇರ್‌ನಲ್ಲಿ ಏನೇನಿದೆ ಎಂದು ನೋಡುವುದನ್ನೇ ಬಿಟ್ಟೆ. ಪ್ಲೇಟಿನ ಮೇಲೆ ಏನು ಬೀಳಬೇಕು ಎಂದು ಮೊದಲು ಬರೆದುಕೊಂಡೆ. ಬರೀ ಕಪ್ಪಿನ ಅಕ್ಷರ, ಸಿಎಂವೈಕೆ ಫೋಟೊ, ಕಟಿಂಗಿಗೆ ಅಂಚಿನಾಚೆ ಮೂರು ಎಂಎಂ ಹೆಚ್ಚುವರಿ ಬಣ್ಣ, ಅಂದರೆ ಬ್ಲೀಡ್. ಇದನ್ನು ಕೊಡುವುದು ಪುಟ ಜೋಡಿಸುವ ಪುಕ್ಕಟೆ ಸಾಫ್ಟ್‌ವೇರ್ ಸ್ಕ್ರೈಬಸ್. ಅದನ್ನು 2016ರಲ್ಲೇ ನೋಡಿ ಬಿಟ್ಟಿದ್ದೆ. ಆಗಿನ 1.4 ಆವೃತ್ತಿಯಲ್ಲಿ ಕನ್ನಡದ ಒತ್ತುಗಳೆಲ್ಲ ಒಡೆದು ಪಕ್ಕಕ್ಕೆ ಬಂದು ಕೂರುತ್ತಿದ್ದವು. ಆಮೇಲೆ 1.5ರ ಸಾಲಿನಲ್ಲಿ ಭಾರತದ ಲಿಪಿಗಳು ಸರಿಯಾದವು. 2024ರಲ್ಲಿ 1.6 ಬಂದ ಮೇಲೆ ಮೂರೂ ಸಿಸ್ಟಮ್‌ಗೆ ಹಾಕಿದೆ.

ಈಗ ಕೆಲಸ ಹಂಚಿ ಹೋಗುತ್ತದೆ. ಟೈಪಿಂಗ್ ಮತ್ತು ಪ್ರೂಫ್ ರೈಟರ್‌ನಲ್ಲಿ. ಫೋಟೊ ತಿದ್ದುವುದು ಗಿಂಪ್‌ನಲ್ಲಿ. ಬಳ್ಳಿ, ಲೋಗೊ ಇಂಕ್‌ಸ್ಕೇಪ್‌ನಲ್ಲಿ, ಆದರೆ ಅಲ್ಲಿ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಎಲ್ಲ ಬಂದು ಸೇರುವುದು ಸ್ಕ್ರೈಬಸ್‌ನಲ್ಲಿ. ಒಂದೇ ಸಾಫ್ಟ್‌ವೇರ್‌ನಲ್ಲಿ ಎಲ್ಲ ಮಾಡಿ ರೂಢಿಯಾದವರಿಗೆ ಇದು ಕಿರಿಕಿರಿ. ನಮ್ಮ ಹಿರಿಯ ಆಪರೇಟರ್ ಒಂದು ತಿಂಗಳು ಸಿಟ್ಟಿನಲ್ಲೇ ಇದ್ದರು. ಈಗ ಅವರೇ ನಾಲ್ಕು ಪುಟದ ಪತ್ರಿಕೆಯನ್ನು ಮುಕ್ಕಾಲು ತಾಸಿನಲ್ಲಿ ಮುಗಿಸುತ್ತಾರೆ. ಪೇಜ್‌ಮೇಕರ್‌ನಲ್ಲಿ ಅವರೇ ಒಂದೂವರೆ ತಾಸು ತಗೊಳ್ಳುತ್ತಿದ್ದರು. ಊರಲ್ಲಿ ಇಷ್ಟು ಬೇಗ ಬೇರೆ ಯಾರೂ ಕೊಡುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಳೆ ನುಡಿ ಫೈಲ್ ಯುನಿಕೋಡ್‌ಗೆ ತರುವಾಗ ಎರಡು ಕಡೆ ಎಚ್ಚರ ಬೇಕು. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರು ಕೆಟ್ಟರೆ ಮನೆಯವರು ಸುಮ್ನೆ ಬಿಡ್ತಾರಾ? ಇದಕ್ಕೆ ನಾನೊಂದು ಹುಡುಕಿ-ಬದಲಿಸುವ ಪಟ್ಟಿ ಮಾಡಿಕೊಂಡಿದ್ದೇನೆ, ನಲವತ್ತು ಸಾಲಿನ ಹತ್ತಿರ ಇದೆ. ಯಾವ ಸಾಲು ಮೊದಲು ಓಡಬೇಕು ಅನ್ನುವುದರಲ್ಲೇ ಅದರ ಗುಟ್ಟಿದೆ. ಅದು ನಮ್ಮ ಅಂಗಡಿಯಲ್ಲೇ ಇರಲಿ.

ಲೆಕ್ಕದ ವಿಷಯ ಬೇಗ ಹೇಳುತ್ತೇನೆ. ಉದ್ರಿ ಖಾತೆಗೆ ಡೇಟಾಬೇಸ್ ಮಾಡೋಣ ಎಂದು ಮೂರು ವಾರ ಲಿಬ್ರೆಆಫೀಸ್‌ನ ಬೇಸ್ ಜೊತೆ ಗುದ್ದಾಡಿದೆ. ನಾನೂರು ಗಿರಾಕಿಗೆ ಅದು ಬೇಡ. ಲಿಬ್ರೆಆಫೀಸ್‌ನದೇ ಸ್ಪ್ರೆಡ್‌ಶೀಟ್ ಕ್ಯಾಲ್ಕ್‌ನ ಒಂದು ಶೀಟು, ಒಂದು ಫಿಲ್ಟರ್ ಸಾಕಾಯಿತು. ಜಿಎಸ್‌ಟಿ ಮಾತ್ರ ಶೀಟಿನಲ್ಲಿ ಮಾಡುವುದಿಲ್ಲ. ತಿಂಗಳಿಗೊಮ್ಮೆ ಬಿಲ್ಲುಗಳ ಪಟ್ಟಿ ಆಡಿಟರ್‌ಗೆ ಹೋಗುತ್ತದೆ, ಅವರ ಹತ್ತಿರ ಟ್ಯಾಲಿ ಇದೆ.

ಅದೇ ಕ್ಯಾಲ್ಕ್‌ನಲ್ಲಿ ಇನ್ನೊಂದು ಕೆಲಸವೂ ಆಯಿತು. ಬೆಟಗೇರಿಯ ನೇಕಾರರೊಬ್ಬರು ಸೀರೆ ದಡಿಯ ನಕ್ಷೆ ತಂದಿದ್ದರು, ಗ್ರಾಫ್ ಪೇಪರ್ ಹರಿದು ಚಿಂದಿಯಾಗಿತ್ತು. ಕಾಲಮ್ ಅಗಲ, ಸಾಲಿನ ಎತ್ತರ ಸಮ ಮಾಡಿದೆ. ಒಂದು ಮನೆಗೆ ಒಂದು ಎಳೆ ಎಂದು ಬಣ್ಣ ತುಂಬಿದೆ. ಎಳೆ ಎಣಿಸುವುದನ್ನು ಶೀಟೇ ಮಾಡಿತು. ಅವರು ದುಡ್ಡು ಕೊಡಲು ಬಂದರು, ನಾನು ತಗೊಳ್ಳಲಿಲ್ಲ. ಆಮೇಲೆ ಇನ್ನಿಬ್ಬರು ನಕ್ಷೆ ಹಿಡಿದುಕೊಂಡು ಬಂದರು.

ಪೇಜ್‌ಮೇಕರ್ ಇದ್ದ ಹಳೆ ಸಿಸ್ಟಮ್‌ನ ಹಾರ್ಡ್‌ಡಿಸ್ಕ್ ಮೂಲೆಯಲ್ಲಿದೆ. ಜೊತೆಗೆ ಎಂಬತ್ತರಷ್ಟು ಸಿಡಿಗಳಿವೆ. ವೈರಸ್ ಬಂದಾಗ ಉಳಿದದ್ದು ಅವಷ್ಟೇ. ಅವುಗಳಲ್ಲಿ ಹಳೆ ಗಿರಾಕಿಗಳ ಬಿಲ್ ಬುಕ್, ಸಂಘಗಳ ವರದಿ ಎಲ್ಲ ಇವೆ. ಶ್ರಾವಣಕ್ಕೆ ಮೊದಲು ಕೆಲಸ ಕಡಿಮೆ ಇರುತ್ತದಲ್ವಾ, ಆಗ ದಿನಕ್ಕೆ ಎರಡರಂತೆ ಯುನಿಕೋಡ್‌ಗೆ ತರುತ್ತಿದ್ದೇವೆ. ಮೂವತ್ತೊಂದು ಮುಗಿದಿವೆ.